ಪೆಟ್ಟಿಗೆಯ ತಾಳ ಏರಿಸಿದ್ದು

ಆಯುಧಪೂಜೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಹಿತೇಶನ ಕಂಪ್ಯೂಟರ್ ಪರದೆಯ ಮೇಲೆ ಒಂದು ಸಾಲು ಮೂಡಿತು: ಉಳಿದಿರುವ ಸಮಯ, ಹತ್ತು ಗಂಟೆ. ಆ ಸಾಲು ಮೂಡದೆ ಇದ್ದಿದ್ದರೆ, ಅಥವಾ ಮೂಡಿದ್ದನ್ನು ಹಿತೇಶ ನೋಡದೆ ಇದ್ದಿದ್ದರೆ, ಅತ್ತಾವರದ ಆ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಹಬ್ಬ ಹಬ್ಬದ ಹಾಗೆಯೇ ಕಳೆದುಹೋಗುತ್ತಿತ್ತು.

ಸಂಜೆ ಐದಕ್ಕೆ ಕೆಳಗಿನ ಹಾಲ್‌ನಲ್ಲಿ ಅವನ ಮಾವ, ಕೂಳೂರಿನ ತ್ಯಾಂಪಣ್ಣ ಶೆಟ್ಟರಿಗೆ ಸನ್ಮಾನವಿತ್ತು. ಶೆಟ್ಟರು ಹಗಲಿಡೀ ಹಂಚಿನ ಕಾರ್ಖಾನೆಯಲ್ಲಿ ದುಡಿದು, ಇರುಳು ತಾಳಮದ್ದಳೆಯಲ್ಲಿ ಅರ್ಥ ಹೇಳಿ ಹೆಸರು ಮಾಡಿದವರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸಿದರೆ ಅರ್ಥಧಾರಿ ಕುಳಿತಲ್ಲಿಂದಲೇ ಅದಕ್ಕೆ ಮಾತಿನ ಮಂಟಪ ಕಟ್ಟಬೇಕು. ಎದುರಿಗೆ ಕುಳಿತವನು ಪ್ರಶ್ನೆ ಎಸೆದರೆ ಉತ್ತರ ಕೊಡದೆ ಏಳುವುದು ಅಲ್ಲಿಯ ಧರ್ಮವಲ್ಲ. ಆ ಕೂಟಗಳ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನೆಲ್ಲ ಒಟ್ಟುಗೂಡಿಸಿ, ಧೂಳು ಹಿಡಿದ ಚಿತ್ರವನ್ನೂ ಗೊರಗುಟ್ಟುವ ಧ್ವನಿಯನ್ನೂ ಶುದ್ಧ ಮಾಡಿ, ಒಂದು ಚಂದದ ವಿಡಿಯೊ ಮಾಡಿಕೊಡುತ್ತೇನೆಂದು ಹಿತೇಶ ಒಪ್ಪಿಕೊಂಡಿದ್ದ. ಜೋಡಿಸುವ ಕೆಲಸ ಹಿಂದಿನ ದಿನಕ್ಕೆ ಮುಗಿದಿತ್ತು. ಇನ್ನು ಕಂಪ್ಯೂಟರ್ ಎಲ್ಲವನ್ನೂ ಅರೆದು ಒಂದು ಫೈಲು ಮಾಡಿ ಕೊಡಬೇಕಿತ್ತು, ಅಷ್ಟೇ. ಆ ಅಷ್ಟಕ್ಕೇ ಅದು ಹತ್ತು ಗಂಟೆ ಕೇಳುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ‘ಒಂದು ಗಂಟೆ ತಡವಾಗಿ ತೋರಿಸಿದರಾಯಿತು’ ಎಂದು ಹೋಳಿಗೆ ತಿನ್ನಲು ಏಳುತ್ತಿದ್ದರು. ಹಿತೇಶನಿಗೆ ಹಾಗೆ ಏಳುವಂತಿರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಅವನ ಮದುವೆಯ ದಿನ ಕೂಳೂರು ಸೇತುವೆಯ ಮೇಲೆ ಒಂದು ಟ್ಯಾಂಕರ್ ಕೆಟ್ಟು ನಿಂತು, ಮದುಮಗನ ದಿಬ್ಬಣ ಮುಹೂರ್ತದ ತುದಿಯಲ್ಲಿ ಮಂಟಪ ಸೇರಿತ್ತು. ಟ್ಯಾಂಕರ್ ಮರುದಿನವೇ ರಿಪೇರಿಯಾಗಿ ಹೋಯಿತು. ಹಿತೇಶನ ಹೆಸರು ಇಂದಿಗೂ ರಿಪೇರಿಯಾಗಿರಲಿಲ್ಲ. ಯಾವ ಸಭೆಯಲ್ಲಿ ಯಾರೇ ಸಿಗಲಿ, ಮಾವ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟು ಹೇಳುತ್ತಿದ್ದುದು ಒಂದೇ ಪಲ್ಲವಿ: “ಇವ ನಮ್ಮ ಅಳಿಯ. ಒಳ್ಳೆಯವ. ಸ್ವಲ್ಪ ನಿಧಾನ.”

ಇಂದು ತುಂಬಿದ ಸಭೆಯ ಎದುರು ಆ ಪಲ್ಲವಿಯ ಕೊನೆಯ ಪಾದವನ್ನು ಕತ್ತರಿಸಿ ಹಾಕಬೇಕೆಂದು ಹಿತೇಶ ಹರಕೆ ಹೊತ್ತವನ ಹಾಗೆ ನಿಶ್ಚಯಿಸಿದ್ದ. ಅವನು ಫೈಝಲನಿಗೆ ಫೋನ್ ಮಾಡಿದ. ಫೈಝಲ್ ಕಂಪ್ಯೂಟರ್ ರಿಪೇರಿ ಅಂಗಡಿಯವ. ಈ ಪೆಟ್ಟಿಗೆಯನ್ನು ಜೋಡಿಸಿಕೊಟ್ಟವನೂ ಅವನೇ.

“ಓವರ್‌ಕ್ಲಾಕ್ ಮಾಡ್ಲಿಕ್ಕೆ ಆಗ್ತದೆ ಹಿತೇಶಣ್ಣ,” ಎಂದ ಫೈಝಲ್. “ಅಂದ್ರೆ ಪ್ರೊಸೆಸರಿಗೆ ಕಂಪನಿಯವರು ಒಂದು ತಾಳ ಕಟ್ಟಿ ಕಳಿಸ್ತಾರಲ್ಲ, ನಾವು ಅದನ್ನು ಸ್ವಲ್ಪ ಏರಿಸುವುದು. ಮೆಮೊರಿಯದ್ದೂ ಏರಿಸ್ಲಿಕ್ಕುಂಟು. ಆದರೆ ನಿಧಾನ ಮಾಡ್ಬೇಕು.”

“ಆ ಶಬ್ದ ಒಂದು ಬೇಡ ಮಾರಾಯ ಇವತ್ತು.”

“ಸರಿ, ಜಾಗ್ರತೆ ಮಾಡ್ಬೇಕು. ಒಂದು ಮೆಟ್ಟಿಲು ಹತ್ತಿ, ನಿಂತು ಉಸಿರು ನೋಡಿ. ಬಿಸಿ ಎಂಬತ್ತೈದು ಡಿಗ್ರಿ ದಾಟಿದ್ರೆ ಒಂದು ಮೆಟ್ಟಿಲು ಇಳಿದುಬಿಡಿ. ವೋಲ್ಟೇಜ್ ಮುಟ್ಲೇಬೇಡಿ. ಮೆಮೊರಿಗೆ ಕಂಪನಿಯವರೇ ಕೊಟ್ಟ ವೇಗ ಒಂದು ಉಂಟು, ಅದನ್ನು ಮಾತ್ರ ಆನ್ ಮಾಡಿ. ಸ್ವಂತ ಬುದ್ಧಿ ಹಾಕ್ಬೇಡಿ.”

ಹಿತೇಶ ಸ್ನಾನ ಮಾಡಿ, ಹಣೆಗೆ ಗಂಧವಿಟ್ಟು, ಓಡುತ್ತಿದ್ದ ಕೆಲಸವನ್ನು ನಿಲ್ಲಿಸಿ ಯಂತ್ರದ ಒಳಮನೆಗೆ ಹೋದ. ಯಂತ್ರ ಕಣ್ಣು ಬಿಡುವ ಮುಂಚೆ ಒಂದು ಗುಂಡಿ ಒತ್ತಿ ಹಿಡಿದರೆ ತೆರೆದುಕೊಳ್ಳುವ ಆ ಸೆಟ್ಟಿಂಗ್ ಪರದೆಗೆ ಬಯೋಸ್ ಎಂದು ಹೆಸರು. ಅಲ್ಲಿ ಪ್ರೊಸೆಸರಿನ ವೇಗವನ್ನು ಒಂದು ಮೆಟ್ಟಿಲು ಏರಿಸಿದ, ಹೊರಗೆ ಬಂದು ಪರೀಕ್ಷೆ ಮಾಡಿದ, ಎಪ್ಪತ್ತು ಡಿಗ್ರಿ. ಇನ್ನೊಂದು ಮೆಟ್ಟಿಲು, ಎಪ್ಪತ್ನಾಲ್ಕು. ಮತ್ತೊಂದು, ಎಪ್ಪತ್ತೊಂಬತ್ತು. ವಿಳಂಬದಲ್ಲಿ ನಡೆಯುತ್ತಿದ್ದ ಭಜನೆ ಮಂಗಳಾರತಿ ಹತ್ತಿರವಾದಂತೆ ಚುರುಕಾಗುವ ಹಾಗೆ, ಪೆಟ್ಟಿಗೆಯೊಳಗಿನ ಫ್ಯಾನು ಹದವಾಗಿ ಶ್ರುತಿ ಏರಿಸಿಕೊಂಡಿತು. ಫೈಝಲ್ ಹೇಳಿದಂತೆ ಮೆಮೊರಿಗೆ ಅದರ ಕಂಪನಿಯ ವೇಗವನ್ನು ಕೊಟ್ಟ. ಯಂತ್ರ ಮಾತಿಲ್ಲದೆ ಒಪ್ಪಿತು.

ಅಲ್ಲಿಗೆ ಕೈಮುಗಿದು ಎದ್ದಿದ್ದರೆ ಸಾಕಿತ್ತು. ಆದರೆ ಇಷ್ಟು ಸುಲಭದಲ್ಲಿ ಒಲಿದ ದೇವರಿಂದ ಇನ್ನೊಂದು ವರ ಕೇಳದೆ ಬಿಡುವ ಭಕ್ತ ಎಲ್ಲಿದ್ದಾನೆ? ಹಿತೇಶ ಮೆಮೊರಿಯ ವೇಗವನ್ನು ಕಂಪನಿಯ ಮಿತಿಗಿಂತ ಒಂದಿಷ್ಟೇ ಮೇಲಕ್ಕೆ ಎತ್ತಿದ. ಪರದೆ ಕಪ್ಪಾಯಿತು. ಮೂರು ಸಲ ಬೀಪ್ ಎಂದು ಕೂಗಿ ಯಂತ್ರ ಮೌನವ್ರತ ಹಿಡಿಯಿತು.

“ಎಂತ ಮಾಡಿದ್ರಿ?” ಎಂದು ಅವನ ಹೆಂಡತಿ ತೃಪ್ತಿ ಅಡಿಗೆಮನೆಯಿಂದಲೇ ಕೇಳಿದಳು. ಮನೆಯ ಶಬ್ದಗಳಲ್ಲಿ ಯಾವುದು ಗಂಡನ ತಪ್ಪಿನ ಶಬ್ದ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಎಂತದೂ ಇಲ್ಲ. ಎಲ್ಲ ನನ್ನ ಕೈಯಲ್ಲೇ ಉಂಟು.”

ಫೈಝಲ್ ಬೈಯಲಿಲ್ಲ. “ಕರೆಂಟ್ ತೆಗೆದು ಒಳಗಿನ ಬಿಲ್ಲೆ ಬ್ಯಾಟರಿ ತೆಗೀರಿ. ಸ್ವಲ್ಪ ಹೊತ್ತು ಬಿಟ್ಟು ಪುನಃ ಹಾಕಿ. ಅದಕ್ಕೆ ಹಳೆಯದ್ದೆಲ್ಲ ಮರೆತುಹೋಗ್ತದೆ,” ಎಂದ. ಹಿತೇಶ ಉಗುರಿನಿಂದ ಬ್ಯಾಟರಿಯನ್ನು ಎಬ್ಬಿಸಿ ಮೇಜಿನ ಮೇಲಿಟ್ಟು, ತಲೆಯ ಮೇಲೆ ಕೈಹೊತ್ತು ಒಂದು ಗಳಿಗೆ ಕುಳಿತ. ಆಮೇಲೆ ಚಾ ಕುಡಿದು ಬರಲು ಹೋದ. ಬಂದು ನೋಡಿದರೆ ಮೇಜು ಒರೆಸಿಟ್ಟ ಬಾಳೆಲೆಯ ಹಾಗೆ ಖಾಲಿ.

“ಅಮ್ಮ, ಇಲ್ಲಿ ಬೆಳ್ಳಿ ಬಣ್ಣದ ಒಂದು ಬಿಲ್ಲೆ ಇತ್ತಲ್ಲ?”

ಅವನ ತಾಯಿ ಜಯಕ್ಕ ದೇವರ ಕೋಣೆಯಿಂದ ಹೊರಗೆ ಬಂದರು. “ಆ ನಾಣ್ಯವಾ? ಮುಡಿಪು ಕಟ್ಟಿದೆ. ನೀನು ತಲೆಗೆ ಕೈಕೊಟ್ಟು ಕೂತದ್ದು ನನಗೆ ನೋಡ್ಲಿಕ್ಕಾಗ್ಲಿಲ್ಲ ಮಗಾ. ಪೆಟ್ಟಿಗೆ ಸರಿಯಾಗ್ಲಿ ಅಂತ ಹೇಳಿಕೊಂಡು, ಅದರ ಬುಡದಲ್ಲೇ ಇದ್ದ ಹಣ ಅರಸಿನ ಬಟ್ಟೆಯಲ್ಲಿ ಕಟ್ಟಿ ದೇವರ ಎದುರು ಇಟ್ಟೆ.”

“ಅದು ಹಣ ಅಲ್ಲಮ್ಮ. ಬ್ಯಾಟರಿ.”

“ದೇವರ ಹತ್ರ ಹೋದ ಮೇಲೆ ಎಲ್ಲ ಒಂದೇ.”

“ಅದು ಇಲ್ಲದಿದ್ರೆ ಪೆಟ್ಟಿಗೆಗೆ ಯಾವುದೂ ನೆನಪು ನಿಲ್ಲುವುದಿಲ್ಲ.”

“ನಿನಗೂ ನಿಲ್ಲುವುದಿಲ್ಲ. ಕಟ್ಟಿದ ಮುಡಿಪು ಬಿಚ್ಚುವ ಕ್ರಮ ಇಲ್ಲ ಅಂತ ಸಣ್ಣದಿರುವಾಗಿನಿಂದ ಹೇಳ್ತಾ ಬಂದಿದ್ದೇನೆ.”

ಹೊಸದು ತರೋಣವೆಂದರೆ ಹಬ್ಬದ ದಿನ, ಅಂಗಡಿಗಳೆಲ್ಲ ಬಾಗಿಲು ಹಾಕಿ ಕುಂಬಳಕಾಯಿ ಒಡೆಯುವ ಗಡಿಬಿಡಿಯಲ್ಲಿದ್ದವು. ಈ ಸಂಕಟದ ನಡುವೆ ಎದುರು ಮನೆಯ ಗೆರ್ಟ್ರೂಡ್ ಬಾಯಿ ಒಳಗೆ ಬಂದರು. ಬಾಯಿಯವರು ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು. ಎಲ್ಲಿ ಯಾರೇ ನರಳಲಿ, ಅದು ತಮಗೆ ಬಂದ ಕರೆ ಎಂದೇ ಅವರ ಲೆಕ್ಕ. ಹಿಂದೆಯೇ ಅವರ ಗಂಡ ರಾಫೆಲ್ ಮಾಸ್ಟ್ರು. ಬಲ್ಮಠದ ಶಾಲೆಯೊಂದರಲ್ಲಿ ಕನ್ನಡ ಕಲಿಸಿದ ಮಾಸ್ಟ್ರಿಗೆ ತಾಳಮದ್ದಳೆ ಎಂದರೆ ಪ್ರಾಣ. ಸಂಜೆಯ ಸನ್ಮಾನ ಏರ್ಪಡಿಸಿದ್ದು ಅವರೇ.

ಬಾಯಿಯವರು ತೆರೆದ ಪೆಟ್ಟಿಗೆಯನ್ನು ಹೊಟ್ಟೆ ಕೊಯ್ದ ರೋಗಿಯನ್ನು ನೋಡುವಂತೆ ಬಾಗಿ ನೋಡಿದರು. ಬ್ಯಾಟರಿಯ ಅಳತೆ ಕೇಳಿದರು. “ನಮ್ಮ ತೂಕದ ಮೆಶಿನಿನಲ್ಲಿ ಅಂತದ್ದೇ ಒಂದು ಉಂಟು. ತೆಗೆದು ಕೊಡ್ತೇನೆ. ಆದರೆ ನಾಳೆ ವಾಪಸ್ ಬೇಕು ಹಿತೇಶ್.”

“ನಾಳೆ ಬೇಡ ಮಗಾ,” ಎಂದರು ಮಾಸ್ಟ್ರು. “ಕ್ರಿಸ್ಮಸ್ ಕಳೆದು ಕೊಡು. ಅಲ್ಲಿಯವರೆಗೆ ನನಗೆ ಊಟದಲ್ಲಿ ನೆಮ್ಮದಿ ಇರ್ತದೆ.”

ಮಾಸ್ಟ್ರ ತೂಕ ಅಳೆಯುತ್ತಿದ್ದ ಬ್ಯಾಟರಿ ಪೆಟ್ಟಿಗೆಯ ಹೊಟ್ಟೆ ಸೇರಿತು. ಯಂತ್ರ ಕಣ್ಣು ಬಿಟ್ಟಿತು. ಹಿತೇಶ ಈ ಸಲ ಸ್ವಂತ ಬುದ್ಧಿಯನ್ನು ಬದಿಗಿಟ್ಟು, ಫೈಝಲ್ ಹೇಳಿದಷ್ಟೇ ಮೆಟ್ಟಿಲು ಏರಿ ಕೆಲಸ ಶುರುಮಾಡಿದ. ಪರದೆ ಹೇಳಿತು: ಏಳು ಗಂಟೆ. ಲೆಕ್ಕ ಹಾಕಿದರೆ ಸಂಜೆ ನಾಲ್ಕೂವರೆಗೆ ವಿಡಿಯೊ ತಯಾರು. ಹಿತೇಶ ಎದೆಯುಬ್ಬಿಸಿ ಬಾಲ್ಕನಿಗೆ ಹೋಗಿ, ಬೀದಿಯಲ್ಲಿ ತಾಸೆ ವಾದ್ಯದ ಬಡಿತಕ್ಕೆ ಕುಣಿಯುತ್ತಿದ್ದ ಹುಲಿವೇಷದವರನ್ನು ನೋಡಿದ. ತನ್ನ ಪೆಟ್ಟಿಗೆಯ ಮುಂದೆ ಆ ಹುಲಿಗಳೂ ಸ್ವಲ್ಪ ನಿಧಾನವೆಂದೇ ಅವನಿಗೆ ಕಂಡಿತು.

ಮಧ್ಯಾಹ್ನ ಜಯಕ್ಕ ಪೂಜೆಯ ತಟ್ಟೆ ಹಿಡಿದು ಬಂದರು. ಸ್ಕೂಟರಿಗೆ, ಮಿಕ್ಸಿಗೆ, ಹೊಲಿಗೆಯಂತ್ರಕ್ಕೆ, ತೆಂಗಿನಕಾಯಿ ತುರಿಯುವ ಮಣೆಗೆ ಆಗಲೇ ಕುಂಕುಮ ಬಿದ್ದಿತ್ತು. “ಇದನ್ನು ಆಫ್ ಮಾಡು. ಪೂಜೆಯ ದಿನ ಆಯುಧಕ್ಕೆ ವಿಶ್ರಾಂತಿ.”

“ಅಮ್ಮ, ಸಿಟಿ ಬಸ್ಸಿನವರು ಪೂಜೆ ಮಾಡಿದ ಮೇಲೆ ಬಸ್ಸು ಓಡಿಸುವುದಿಲ್ವಾ?”

ಜಯಕ್ಕ ಯೋಚಿಸಿದರು. ಬಸ್ಸಿನ ಮಾತು ನ್ಯಾಯವಾಗಿಯೇ ಇತ್ತು. “ಹಾಗಾದ್ರೆ ಬಸ್ಸಿಗೆ ಮಾಡಿದ ಹಾಗೆಯೇ ಮಾಡ್ತೇನೆ. ನೀನು ಊಟಕ್ಕೆ ಕೂತುಕೋ.”

ಹಿತೇಶ ಊಟಕ್ಕೆ ಕೂತ. ಕಡ್ಲೆ ಬಲ್ಯಾರ್, ಹೋಳಿಗೆ, ಪಾಯಸ. ಹಬ್ಬದ ಊಟ ಉಂಡವನಿಗೆ ಕಣ್ಣು ಭಾರವಾಗುವುದು ಯಾವ ಶಾಸ್ತ್ರದಲ್ಲೂ ದೋಷವಲ್ಲ. ಎದ್ದು ಪರದೆ ನೋಡಿದಾಗ ಮಾತ್ರ ಅವನ ನಿದ್ದೆ ಮೂರು ಮಹಡಿ ಇಳಿದು ಓಡಿತು. ಬಿಸಿ ತೊಂಬತ್ತೇಳು ಡಿಗ್ರಿ. ವೇಗ ಬೆಳಗ್ಗಿನದ್ದಕ್ಕಿಂತಲೂ ಕೆಳಗೆ. ಮುಗಿಯುವ ಹೊತ್ತು ನಾಲ್ಕೂವರೆಯಿಂದ ಜಾರಿ ಆರೂವರೆಗೆ ಹೋಗಿ ಕುಳಿತಿತ್ತು.

“ಒಲೆಯ ಮೇಲೆ ಇಟ್ಟಿದ್ದೀರಾ ಅದನ್ನು?” ಎಂದು ಫೈಝಲ್ ಫೋನಿನಲ್ಲಿ ಕೇಳಿದ. “ಅಷ್ಟು ಬಿಸಿಯಾದ್ರೆ ಅದೇ ಹೆದರಿ ವೇಗ ಇಳಿಸ್ತದೆ. ಗಾಳಿ ಹೋಗುವ ದಾರಿ ನೋಡಿ ಅಣ್ಣ.”

ಹಿತೇಶ ಮೇಜಿನ ಹಿಂದೆ ಬಾಗಿ ನೋಡಿದ. ಪೆಟ್ಟಿಗೆಯ ಮುಂದೆ ಸೇವಂತಿಗೆಯ ದಪ್ಪ ಮಾಲೆ, ಹಿಂದೆ ಗೊಂಡೆಹೂವಿನ ಇನ್ನೂ ದಪ್ಪ ಮಾಲೆ. ಗಾಳಿ ಹೊರಡುವ ಜಾಲರಿಯ ಮೇಲೆ ಒದ್ದೆ ಗಂಧದಲ್ಲಿ ಮೂರು ಬೆರಳಿನ ಪಟ್ಟೆ. ಅದರ ಮೇಲೆ ಮಾವಿನೆಲೆ. ಬಸ್ಸಿಗೆ ಮಾಡಿದ್ದಕ್ಕಿಂತ ಒಂದು ಕೈ ಹೆಚ್ಚೇ ಆಗಿತ್ತು.

ಗೆರ್ಟ್ರೂಡ್ ಬಾಯಿಗೆ ಕರೆ ಹೋಗುವ ಮೊದಲೇ ಅವರು ಬಂದಿದ್ದರು. “ಎಷ್ಟು ಉಂಟು ಜ್ವರ? ತೊಂಬತ್ತೇಳಾ? ಅದು ನಾರ್ಮಲ್ ಅಲ್ವಾ?”

“ಇದು ಬೇರೆ ಡಿಗ್ರಿ ಬಾಯಿ. ನೀರು ಕುದಿಯುವ ಡಿಗ್ರಿ.”

“ಯೇಸು,” ಎಂದರು ಬಾಯಿ. “ಕುದಿಯುವವನಿಗೆ ಕಂಬಳಿ ಹೊದಿಸಿದ್ದು ಯಾರು?”

ಜಯಕ್ಕ ಮಾಲೆಗೆ ಅಡ್ಡ ನಿಂತರು. ದೀಪ ಹಚ್ಚುವ ಮೊದಲು ಹೂವು ತೆಗೆದರೆ ಅಪಶಕುನ. ಬಾಯಿಯವರು ರೋಗಿಗೆ ಅಡ್ಡ ನಿಂತರು. ತೃಪ್ತಿ ಇಬ್ಬರ ನಡುವೆ ನಿಂತು, ಫೋನಿನಲ್ಲಿ ತಂದೆಗೆ “ಇಲ್ಲಪ್ಪ, ಇನ್ನೂ ಆಗ್ಲಿಲ್ಲ, ಕಂಪ್ಯೂಟರಿಗೆ ಜ್ವರ ಬಂದಿದೆ” ಎಂದು ವರದಿ ಒಪ್ಪಿಸುತ್ತಿದ್ದಳು. ಬಗೆಹರಿಸಿದ್ದು ಹೆಂಡತಿಯ ಹಿಂದೆಯೇ ಬಂದಿದ್ದ ಮಾಸ್ಟ್ರು. “ಮಾಲೆ ಕೊರಳಿಗೆ ಹಾಕುವುದು ಜಯಕ್ಕ, ಮೂಗಿಗಲ್ಲ. ಪರದೆಯೇ ಅದರ ಮುಖ. ಅಲ್ಲಿಗೆ ಹಾಕಿ.” ಶಾಸ್ತ್ರಕ್ಕೆ ಭಂಗವಿಲ್ಲದೆ ಮಾಲೆಗಳು ಪರದೆಯ ಕೊರಳಿಗೆ ಏರಿದವು. ಬಾಯಿಯವರು ಒಣಬಟ್ಟೆಯಿಂದ ಗಂಧ ಒರೆಸಿ, ಪೆಟ್ಟಿಗೆಯ ಬದಿಯ ಮುಚ್ಚಳ ತೆಗೆಸಿ, ಟೇಬಲ್ ಫ್ಯಾನು ತಂದಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು.

ಅಷ್ಟರಲ್ಲಿ ತೃಪ್ತಿ ಫೋನನ್ನು ಹಿತೇಶನ ಕಿವಿಗಿಟ್ಟಳು.

“ಹಿತೇಶಾ,” ಎಂದಿತು ಮಾವನ ತುಂಬಿದ ಧ್ವನಿ, “ಮೊದಲು ನಿನ್ನ ವಿಡಿಯೊವಾ, ನನ್ನ ಮಾತಾ?”

ಹಿತೇಶ ಪರದೆ ನೋಡಿದ. ತೊಂಬತ್ತೊಂದು ಡಿಗ್ರಿ, ಮುಗಿಯುವ ಹೊತ್ತು ಐದೂ ಮುಕ್ಕಾಲು. ಅವನ ಬುದ್ಧಿ ಮಿಂಚಿನಂತೆ ಓಡಿತು. “ನಿಮ್ಮ ಮಾತೇ ಮೊದಲಾಗಲಿ ಮಾವ. ದೊಡ್ಡವರು ನೀವು.”

“ಹಾಗೇ ಆಗ್ಲಿ. ನಾನು ಹೆಚ್ಚೇನಿಲ್ಲ, ಎರಡು ಮಾತು,” ಎಂದು ಮಾವ ನಕ್ಕರು. “ನೀನು ಗಾಬರಿ ಮಾಡ್ಕೊಳ್ಬೇಡ. ನಾನಿದ್ದೇನೆ.”

ರಾಫೆಲ್ ಮಾಸ್ಟ್ರೂ ಅಂಗಿಯ ಕಾಲರು ಸರಿಮಾಡಿಕೊಂಡರು. “ಒಂದು ಸಣ್ಣ ಪ್ರಶ್ನೆ ನನ್ನದೂ ಉಂಟು ಶೆಟ್ರಿಗೆ. ಸಭೆಯಲ್ಲೇ ಕೇಳ್ತೇನೆ.” ಹಿತೇಶನ ಕಣ್ಣು ಡಿಗ್ರಿಯ ಮೇಲಿತ್ತು, ಅವನು ಕೇಳಿಸಿಕೊಳ್ಳಲಿಲ್ಲ.

ಬಿಸಿ ಇಳಿಯಿತು. ಎಂಬತ್ತೆಂಟು, ಎಂಬತ್ತಮೂರು, ಎಪ್ಪತ್ತೊಂಬತ್ತು. ಹೆದರಿ ಕುಗ್ಗಿದ್ದ ಯಂತ್ರ ಮತ್ತೆ ದ್ರುತಕ್ಕೆ ಏರಿತು. ಐದಕ್ಕೆ ಹತ್ತು ನಿಮಿಷ ಇರುವಾಗ ಕೆಲಸ ಮುಗಿಯಿತೆಂದು ಪರದೆ ಹೇಳಿದಾಗ ಹಿತೇಶನ ಕಣ್ಣಲ್ಲಿ ನೀರೇ ಬಂತು. ಪೆನ್ ಡ್ರೈವಿಗೆ ಹಾಕಿಕೊಂಡು ಹೊರಡಬೇಕೆನ್ನುವಷ್ಟರಲ್ಲಿ ಜಯಕ್ಕ ಆರತಿ ಹಿಡಿದು ದಾರಿಗೆ ನಿಂತರು. ಫಲ ಕೊಟ್ಟ ಪೆಟ್ಟಿಗೆಗೆ ಆರತಿ ಎತ್ತದೆ ಫಲ ಒಯ್ಯುವುದು ಹೇಗೆ? ಆರತಿ ಆಯಿತು, ಅದರದೊಂದು ಹಾಡೂ ಆಯಿತು. ಹಿತೇಶ ಮೆಟ್ಟಿಲು ಹಾರಿ ಇಳಿದಾಗ ಮಾವ ಆಗಲೇ ಶಾಲು ಹೊದ್ದು ವೇದಿಕೆಯಲ್ಲಿ ಕುಳಿತಿದ್ದರು. ಭಾಗವತರು ಸ್ತುತಿಯ ಪದ್ಯ ಮುಗಿಸಿದ್ದರು.

ರಾಫೆಲ್ ಮಾಸ್ಟ್ರು ಮೈಕಿನ ಮುಂದೆ ಬಂದರು. “ಶೆಟ್ಟರಲ್ಲಿ ನನ್ನದೊಂದು ಸಣ್ಣ ಸಂದೇಹ. ಕಾಲ ದೊಡ್ಡದೋ, ಮಾತು ದೊಡ್ಡದೋ?”

ಸಭೆಯಲ್ಲಿ ಹಳಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿಕೊಂಡರು. ಆ ಒರಗುವಿಕೆಯ ಅರ್ಥ ಹಿತೇಶನಿಗೆ ಆಗ ಹೊಳೆಯಲಿಲ್ಲ.

ಶೆಟ್ಟರು ಶುರು ಮಾಡಿದರು. ಮಾತು ಮೊದಲು ಹೊಸ್ತಿಲಲ್ಲಿ ನಿಂತಿತು, ಆಮೇಲೆ ಅಂಗಳಕ್ಕಿಳಿಯಿತು, ಆಮೇಲೆ ಗುರುಪುರ ಹೊಳೆಯ ಹಾಗೆ ಹರಿಯಿತು. ಅರ್ಧ ಗಂಟೆಯಾದಾಗ ಅವರು ಒಮ್ಮೆ ನಿಲ್ಲಿಸಿ, ಹಾಲ್‌ನ ಕೊನೆಯಲ್ಲಿ ಪ್ರೊಜೆಕ್ಟರ್ ಪಕ್ಕ ನಿಂತಿದ್ದ ಅಳಿಯನನ್ನು ನೋಡಿದರು. ಹಿತೇಶ ಪೆನ್ ಡ್ರೈವ್ ಹಿಡಿದ ಕೈಯನ್ನು ತಲೆಯ ಮೇಲೆತ್ತಿ ಆತುರದಿಂದ ಬೀಸಿದ. ಮಾವ ಗಂಭೀರವಾಗಿ ತಲೆಯಾಡಿಸಿದರು. “ಇದು ಒಂದು ಪಕ್ಷವಾಯಿತು,” ಎಂದು ಸಭೆಗೆ ತಿರುಗಿದರು. “ಇನ್ನು ಇದಕ್ಕೆ ಎದುರು ಪಕ್ಷವನ್ನು ನೋಡೋಣ.”

ಎದುರು ಪಕ್ಷಕ್ಕೆ ಮಾಸ್ಟ್ರು ಒಂದು ಕೊಕ್ಕೆ ಹಾಕಿದರು. ಶೆಟ್ಟರು ಕೊಕ್ಕೆಯನ್ನು ಬಿಡಿಸಿ ಅದರಿಂದಲೇ ಒಂದು ಹಾರ ಮಾಡಿದರು. ಭಾಗವತರು ತಡೆಯಲಾರದೆ ಇನ್ನೊಂದು ಪದ್ಯ ಹಾಡಿದರು. ಹಾಡಿದ ಪದ್ಯಕ್ಕೆ ಅರ್ಥ ಹೇಳದೆ ಬಿಡುವ ಹಾಗಿಲ್ಲ. ನಡುನಡುವೆ ಮಾವನ ಕಣ್ಣು ಅಳಿಯನ ಕಡೆ ಬರುವುದು. ಅಳಿಯ ಎರಡೂ ಕೈಯೆತ್ತಿ ಬೀಸುವುದು. ಮಾವ ತಲೆಯಾಡಿಸಿ ಹೊಸ ದೃಷ್ಟಾಂತ ಎತ್ತಿಕೊಳ್ಳುವುದು.

“ವಿಡಿಯೊ ರೆಡಿ ಅಂತ ಹೋಗಿ ಹೇಳು,” ಎಂದು ಹಿತೇಶ ತೃಪ್ತಿಯನ್ನು ಬೇಡಿದ.

“ಅರ್ಥ ಹೇಳುವಾಗ ಮಧ್ಯೆ ಬಾಯಿ ಹಾಕಿದ್ದಕ್ಕೆ ಅಪ್ಪ ನನ್ನ ಅಜ್ಜನ ಹತ್ರವೇ ಆರು ತಿಂಗಳು ಮಾತು ಬಿಟ್ಟಿದ್ರು,” ಎಂದಳು ತೃಪ್ತಿ. “ನಿಮಗೆ ಧೈರ್ಯ ಇದ್ರೆ ಹೋಗಿ.”

ಹಿತೇಶನ ಧೈರ್ಯವೆಲ್ಲ ಬೆಳಿಗ್ಗೆ ಬಯೋಸಿನಲ್ಲೇ ಖರ್ಚಾಗಿತ್ತು. ಆರು ಗಂಟೆಯಾಯಿತು. ಬೆಳಿಗ್ಗೆ ಯಂತ್ರವನ್ನು ಮುಟ್ಟದೆ ಬಿಟ್ಟಿದ್ದರೆ ಅದು ತನ್ನ ಪಾಡಿಗೆ ಕೆಲಸ ಮುಗಿಸುತ್ತಿದ್ದ ಹೊತ್ತು ಅದೇ. ಅದೂ ಕಳೆದು, ದೀಪ ಹಚ್ಚುವ ಹೊತ್ತು ಕಳೆದು, ಊಟದ ಹೊತ್ತು ಬಂದಾಗ ಶೆಟ್ಟರು ಮಂಗಳ ಹಾಡಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು; ತಟ್ಟುತ್ತ ತಟ್ಟುತ್ತಲೇ ಊಟದ ಕಡೆಗೆ ನಡೆದರು. ಹುಲಿವೇಷ ನೋಡಬೇಕೆಂದವರು ಗೇಟಿನ ಕಡೆಗೆ ಓಡಿದರು. ಕಾವಲುಗಾರ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ.

ಶೆಟ್ಟರು ಬೆವರು ಒರೆಸುತ್ತ ಇಳಿದು ಬಂದು, ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಗಂಟಲು ಒಡೆದಿತ್ತು, ಮುಖದಲ್ಲಿ ಮಾತ್ರ ದೇವಸ್ಥಾನದಿಂದ ಬಂದವರ ಸಮಾಧಾನ.

“ಈಗಾದ್ರೂ ಆಯ್ತಾ ವಿಡಿಯೊ?”

“ಅದು ಐದು ಗಂಟೆಗೇ ಆಗಿತ್ತು ಮಾವ,” ಎಂದ ಹಿತೇಶ.

“ಇರ್ಲಿ, ನನ್ನ ಹತ್ರ ಎಂತದಕ್ಕೆ ನಾಚಿಕೆ? ತೃಪ್ತಿ ಎಲ್ಲ ಹೇಳಿದ್ದಾಳೆ. ಪೆಟ್ಟಿಗೆಗೆ ಜ್ವರ ಅಂತ ಕೇಳಿದಾಗಲೇ ನಾನು ನಿಶ್ಚಯ ಮಾಡಿದೆ, ಅಳಿಯನ ಮಾನ ಹೋಗ್ಲಿಕ್ಕೆ ಬಿಡ್ಬಾರ್ದು, ಅವನಿಗೆ ಸಮಯ ಮಾಡಿಕೊಡ್ಬೇಕು ಅಂತ. ಎರಡು ಮಾತಿಗೇ ಮುಗಿಸುವವನಿದ್ದೆ ನಾನು. ಆಚೆಯಿಂದ ನೀನು ಕೈ ಬೀಸಿದೆ, ‘ಇನ್ನೂ ಎಳೀರಿ ಮಾವ’ ಅಂತ. ಎಳೆದೆ. ಪುನಃ ಬೀಸಿದೆ. ಪುನಃ ಎಳೆದೆ. ಆಮೇಲೆ ಎರಡೂ ಕೈ ಎತ್ತಿದೆ. ಎಂತ ಮಾಡುವುದು, ನನ್ನಲ್ಲಿದ್ದದ್ದೆಲ್ಲ ಮುಗಿಯಿತು ಮಾರಾಯ.”

ಹಿತೇಶ ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡ. ಮಾತನ್ನೆಲ್ಲ ಮಾವ ಬಳಸಿ ಮುಗಿಸಿದ್ದರು.

ಅಷ್ಟು ಹೊತ್ತಿಗೆ ಮುಂಬೈಯಿಂದ ಬಂದ ನೆಂಟರೊಬ್ಬರು, ಟ್ರೇನು ತಡವಾಯಿತೆಂದು ಹೇಳುತ್ತ ಚೀಲದೊಂದಿಗೆ ಒಳಗೆ ಬಂದರು. ಶೆಟ್ಟರು ಅಳಿಯನನ್ನು ಅವರ ಕಡೆಗೆ ತಿರುಗಿಸಿ ನಿಲ್ಲಿಸಿದರು.

“ಇವ ನಮ್ಮ ಅಳಿಯ,” ಎಂದರು ಅಕ್ಕರೆಯಿಂದ. “ಒಳ್ಳೆಯವ.”

ಆಮೇಲೆ ಒಡೆದ ಗಂಟಲನ್ನು ಸರಿಮಾಡಿಕೊಂಡು, ಉಳಿದ ಪಾದವನ್ನೂ ಹೇಳಿ ಮುಗಿಸಿದರು.